ಸೀತಾಳೆದಂಡೆಯನ್ನು ಸಾಕುವ ಬಗೆ

ನಾನು ಸಸ್ಯಶಾಸ್ತ್ರದ ವಿದ್ಯಾರ್ಥಿಯಲ್ಲ. ಕನ್ನಡ, ಇತಿಹಾಸ, ಅರ್ಥಶಾಸ್ತ್ರಗಳನ್ನು ಓದುತ್ತಿರುವ ನನಗೆ ಗಿಡಗಳ ವಿಷಯವಾಗಿ ಬರೆಯಲು ಏನು ಅಧಿಕಾರವುಂಟೆಂದು ಯಾರಾದರೂ ಕೇಳಿದರೆ, ಒಂದು ಗಿಡವನ್ನು ಕೊಂದು ಆಮೇಲೆ ಐದು ಗಿಡಗಳನ್ನು ಉಳಿಸಿಕೊಂಡ ಅನುಭವವೇ ನನ್ನ ಅಧಿಕಾರವೆಂದು ಹೇಳಬೇಕಾಗುತ್ತದೆ. ನಮ್ಮ ಕಾಲೇಜಿನ ಗ್ರಂಥಾಲಯದ ಹಿಂದಿರುವ ಹಳೆಯ ಮಾವಿನ ಮರದಲ್ಲಿ ಕಳೆದ ಜೂನ್ ತಿಂಗಳಿನಲ್ಲಿ ನಸುಗೆಂಪು ಹೂವಿನ ಗೊಂಚಲೊಂದು ತೂಗುತ್ತಿದ್ದುದನ್ನು ಕೆಲವರು ನೋಡಿರಬಹುದು. ನೋಡಿದವರಲ್ಲಿ ಒಬ್ಬ ಮಿತ್ರರು, “ಮರಕ್ಕೆ ಬಂದಳಿಕೆ ಹತ್ತಿದೆ, ತೆಗೆಸಬೇಕು” ಎಂದರು. ಇನ್ನೊಬ್ಬರು, “ಇದು ಸಿರಿವಂತರು ಗಾಜಿನ ಮನೆಯಲ್ಲಿ ಬೆಳೆಸುವ ಆರ್ಕಿಡ್, ಇಲ್ಲಿ ಹೇಗೆ ಬಂತು?” ಎಂದು ಆಶ್ಚರ್ಯಪಟ್ಟರು. ಎರಡು ಮಾತೂ ತಪ್ಪು. ಆ ತಪ್ಪುಗಳನ್ನು ತಿದ್ದುವುದಕ್ಕೂ, ಇಂಥ ಗಿಡವನ್ನು ನಮ್ಮಂಥವರ ಅಂಗಳದಲ್ಲಿ ಕಾಸು ಖರ್ಚಿಲ್ಲದೆ ಸಾಕುವುದು ಹೇಗೆಂದು ತಿಳಿಸುವುದಕ್ಕೂ ಈ ಲೇಖನ.

ಆ ಹೂವಿನ ಹೆಸರು ಸೀತಾಳೆದಂಡೆ. ಕೆಲವರು ಸೀತೆದಂಡೆ ಎನ್ನುತ್ತಾರೆ. ವನವಾಸದಲ್ಲಿ ಸೀತಾದೇವಿಗೆ ಮುಡಿಯಲು ಬೇರೆ ಹೂ ಸಿಗದಾಗ ಮರವೇ ಕಟ್ಟಿದ ದಂಡೆಯನ್ನು ಕೊಟ್ಟಿತೆಂದು ನಮ್ಮ ಅಜ್ಜಿ ಹೇಳುತ್ತಿದ್ದಳು. ಗೊಂಚಲನ್ನು ಕಂಡವರಿಗೆ ಈ ಕಥೆ ಹುಟ್ಟಿದ ಕಾರಣ ತಿಳಿಯುತ್ತದೆ. ಒಂದು ಗೇಣಿಗಿಂತ ಉದ್ದವಾದ ದಂಟಿನ ಸುತ್ತ ಬೆರಳುಗುರಿನಷ್ಟು ದೊಡ್ಡ ಹೂಗಳು ಒತ್ತೊತ್ತಾಗಿ ಕೂತಿರುತ್ತವೆ. ಬಿಳಿಯ ಎಸಳಿನ ಮೇಲೆ ನೇರಳೆಗೆಂಪು ಚುಕ್ಕೆಗಳು. ನಮ್ಮ ಕಾಲೇಜಿನ ಗಿಡದ ಗೊಂಚಲಿನಲ್ಲಿ ನಾನು ಎಣಿಸಿದಾಗ 94 ಹೂಗಳಿದ್ದವು. ಸಸ್ಯಶಾಸ್ತ್ರಜ್ಞರು ಇದನ್ನು ರಿಂಕೋಸ್ಟೈಲಿಸ್ ರೆಟ್ಯೂಸಾ ಎಂದು ಕರೆಯುತ್ತಾರೆ. ಅಸ್ಸಾಮಿನಲ್ಲಿ ಇದಕ್ಕೆ ಕಪೌ ಎಂದು ಹೆಸರು. ಅಲ್ಲಿಯ ಹುಡುಗಿಯರು ಬಿಹು ಹಬ್ಬದ ಕುಣಿತದಲ್ಲಿ ಇದನ್ನೇ ಮುಡಿಯುತ್ತಾರೆ. ಅಸ್ಸಾಂ ಮತ್ತು ಅರುಣಾಚಲ ಪ್ರದೇಶಗಳ ರಾಜ್ಯಪುಷ್ಪವೂ ಇದೇ. ನಮ್ಮ ಮಲೆನಾಡಿನಲ್ಲಿ ಮಾತ್ರ ಕಾಫಿ ತೋಟದ ಕೊಂಬೆಗಳ ಜೊತೆಯಲ್ಲಿ ಇದು ಒಲೆಗೆ ಹೋಗುತ್ತದೆ.

ಭಾರತದಲ್ಲಿ ಆರ್ಕಿಡ್ ಕುಟುಂಬದ 1,256 ಜಾತಿಗಳಿವೆಯೆಂದು ಭಾರತೀಯ ಸಸ್ಯ ಸರ್ವೇಕ್ಷಣ ಸಂಸ್ಥೆ 2019ರಲ್ಲಿ ಪಟ್ಟಿಮಾಡಿತು. ಇವುಗಳಲ್ಲಿ 388 ಜಾತಿಗಳು ನಮ್ಮ ದೇಶವನ್ನು ಬಿಟ್ಟು ಬೇರೆಲ್ಲಿಯೂ ಇಲ್ಲ. ಒಟ್ಟು ಜಾತಿಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಮರದ ಮೇಲೆ ಬೆಳೆಯತಕ್ಕವು. ಉಳಿದವುಗಳಲ್ಲಿ ಬಹುಪಾಲು ನೆಲದಲ್ಲಿ ಬೆಳೆಯತಕ್ಕವು. ಕೆಲವು ವರ್ಷಗಳ ಹಿಂದೆ ನಮ್ಮ ಕಡೆಯ ತೋಟಗಳಲ್ಲಿ ಬೆಲೆಯೇರಿ ಬೆಲೆಯಿಳಿದ ವೆನಿಲ್ಲಾ ಬಳ್ಳಿಯೂ ಆರ್ಕಿಡ್ಡೇ ಎಂಬುದು ಅನೇಕರಿಗೆ ತಿಳಿಯದು. ಅದು ಮೆಕ್ಸಿಕೋ ಕಡೆಯಿಂದ ಬಂದದ್ದು. ಸೀತಾಳೆದಂಡೆ ನಮ್ಮದೇ.

ಇನ್ನು ಬಂದಳಿಕೆಯ ಪ್ರಶ್ನೆ. ಬಂದಳಿಕೆ ನಿಜವಾಗಿಯೂ ಮರವನ್ನು ತಿನ್ನುವ ಗಿಡ. ಅದರ ಬೇರು ತೊಗಟೆಯನ್ನು ಸೀಳಿ ಒಳಗಿನ ಕಟ್ಟಿಗೆಯವರೆಗೆ ಹೋಗಿ ಮರದ ನೀರನ್ನೂ ಲವಣವನ್ನೂ ಹೀರುತ್ತದೆ. ಕೊಂಬೆಯಿಂದ ಅದನ್ನು ಕೀಳಲು ಹೋದರೆ ಕೊಂಬೆಯೇ ಗಂಟುಗಟ್ಟಿರುವುದು ಕಾಣುತ್ತದೆ. ಸೀತಾಳೆದಂಡೆಯ ಬೇರು ತೊಗಟೆಯ ಮೇಲೆ ಹರಿದು ಅಂಟಿಕೊಂಡಿರುತ್ತದೆಯೇ ಹೊರತು ಒಳಕ್ಕೆ ಇಳಿಯುವುದಿಲ್ಲ. ಗೋಡೆಗೆ ಒರಗಿ ಕೂತವನು ಗೋಡೆಯನ್ನು ತಿನ್ನುವುದಿಲ್ಲವಷ್ಟೆ. ಮರ ಕೊಡುವುದು ಕೂರಲು ಜಾಗ, ಅಷ್ಟೇ. ಮಳೆಯ ನೀರು, ಮಂಜು, ಗಾಳಿಯಲ್ಲಿ ಬಂದ ಧೂಳು, ಕೊಳೆತ ಎಲೆ, ಹಕ್ಕಿಯ ಹಿಕ್ಕೆ, ಇವುಗಳಿಂದಲೇ ಅದರ ಸಂಸಾರ ಸಾಗುತ್ತದೆ.

ಇಷ್ಟು ಬಡತನದಲ್ಲಿ ಬದುಕಲು ಅದಕ್ಕೆ ಎರಡು ಉಪಾಯಗಳಿವೆ. ಮೊದಲನೆಯದು ಬೇರಿನ ಹೊದಿಕೆ. ಬೇರಿನ ಹೊರಮೈಯಲ್ಲಿ ಸತ್ತ ಜೀವಕೋಶಗಳ ಬೆಂಡಿನಂಥ ಪದರವಿರುತ್ತದೆ; ಇದಕ್ಕೆ ವೆಲಮೆನ್ ಎನ್ನುತ್ತಾರೆ. ಒಣಗಿದಾಗ ಅದರೊಳಗೆ ಗಾಳಿ ತುಂಬಿ ಬೇರು ಬೆಳ್ಳಿಯ ಬಣ್ಣವಾಗಿ ಕಾಣುತ್ತದೆ. ಮಳೆಹನಿ ಬಿದ್ದ ಕೆಲವೇ ನಿಮಿಷಗಳಲ್ಲಿ ಬೆಂಡು ನೀರನ್ನು ಹೀರಿಕೊಂಡು, ಒಳಗಿನ ಹಸಿರು ಹೊರಕ್ಕೆ ಕಾಣಿಸುತ್ತದೆ. ಸಾಕುವವನಿಗೆ ಇದಕ್ಕಿಂತ ಒಳ್ಳೆಯ ಅಳತೆಗೋಲಿಲ್ಲ: ಬೇರು ಹಸಿರಾಗಿದ್ದರೆ ನೀರು ಬೇಡ, ಬೆಳ್ಳಗಾದರೆ ಬೇಕು. ಎರಡನೆಯದು ಎಲೆಯ ಉಪಾಯ. ಸಾಮಾನ್ಯ ಗಿಡಗಳು ಹಗಲಿನಲ್ಲಿ ಎಲೆಯ ರಂಧ್ರಗಳನ್ನು ತೆರೆದು ಗಾಳಿಯನ್ನು ಒಳಕ್ಕೆ ತೆಗೆದುಕೊಳ್ಳುತ್ತವೆ. ಆಗ ನೀರೂ ಆವಿಯಾಗಿ ಹೋಗುತ್ತದೆ. ದಪ್ಪ ಎಲೆಯ ಅನೇಕ ಮರದ ಆರ್ಕಿಡ್‌ಗಳು ತಂಪಾದ ರಾತ್ರಿಯಲ್ಲಿ ರಂಧ್ರಗಳನ್ನು ತೆರೆದು, ಇಂಗಾಲದ ಡೈಆಕ್ಸೈಡನ್ನು ಆಮ್ಲವಾಗಿ ಕೂಡಿಟ್ಟುಕೊಂಡು, ಹಗಲಿನಲ್ಲಿ ಬಾಗಿಲು ಮುಚ್ಚಿ ಅಡುಗೆ ಮಾಡಿಕೊಳ್ಳುತ್ತವೆ. ಬೇಸಿಗೆಯನ್ನು ಕಳೆಯುವ ಶಕ್ತಿ ಇದರಿಂದ ಬಂದದ್ದು.

ಭಾಷೆಯ ವಿದ್ಯಾರ್ಥಿಯಾದುದರಿಂದ ಇಲ್ಲಿ ಒಂದು ಸಣ್ಣ ವಿಷಯವನ್ನು ಹೇಳದೆ ಮುಂದೆ ಹೋಗಲಾರೆ. ಮಲಬಾರಿನ ಗಿಡಗಳನ್ನು ಕುರಿತು ಡಚ್ಚರ ಅಧಿಕಾರಿ ವಾನ್ ರೀಡ್ ಎಂಬಾತ, ಇಟ್ಟಿ ಅಚ್ಯುತನ್ ಮೊದಲಾದ ಸ್ಥಳೀಯ ವೈದ್ಯರ ನೆರವಿನಿಂದ ‘ಹೋರ್ಟಸ್ ಮಲಬಾರಿಕಸ್’ ಎಂಬ 12 ಸಂಪುಟಗಳ ಗ್ರಂಥವನ್ನು ಸಿದ್ಧಪಡಿಸಿದ. ಅದು 1678ರಿಂದ 1693ರವರೆಗೆ ಆಂಸ್ಟರ್‌ಡ್ಯಾಮಿನಲ್ಲಿ ಅಚ್ಚಾಯಿತು. ಕೊನೆಯ ಸಂಪುಟದ ಮೊದಲ ಚಿತ್ರವೇ ನಮ್ಮ ಸೀತಾಳೆದಂಡೆ. ಅಲ್ಲಿ ಅದಕ್ಕೆ ಕೊಟ್ಟಿರುವ ಮಲೆಯಾಳದ ಹೆಸರು ‘ಅಂಜಿಲಿ ಮರವಾಳ’. ಅಂಜಿಲಿ ಎಂದರೆ ನಮ್ಮ ಹೆಬ್ಬಲಸು. ವಾಳ ಎಂದರೆ ಬಾಳೆ. ಆ ಕಡೆಯ ವಕಾರ ನಮ್ಮಲ್ಲಿ ಬಕಾರವಾಗುವುದನ್ನು ತರಗತಿಯಲ್ಲಿ ಓದಿದ್ದೇವೆ. ಕನ್ನಡದಲ್ಲಿಯೂ ಇಂಥ ಗಿಡಗಳಿಗೆ ಮರಬಾಳೆ ಎಂಬ ಮಾತುಂಟು. ಲಿನೇಯಸನು 1753ರಲ್ಲಿ ಲ್ಯಾಟಿನ್ ಹೆಸರಿಡುವಾಗ ಆಧಾರವಾಗಿದ್ದುದು ಈ ಚಿತ್ರ. ಎಲೆಯ ತುದಿ ಇಲಿ ಕಚ್ಚಿದಂತೆ ಮೊಂಡಾಗಿರುವುದರಿಂದ ‘ರೆಟ್ಯೂಸಾ’ ಎಂದ. ಹೀಗೆ ಜಗತ್ತಿನ ಪುಸ್ತಕಕ್ಕೆ ಈ ಗಿಡ ಹೋದದ್ದು ನಮ್ಮ ಘಟ್ಟದ ತಪ್ಪಲಿನ ಹೆಬ್ಬಲಸಿನ ಮರದಿಂದ, ನಮ್ಮ ಜನರ ಬಾಯಿಯ ಮಾತಿನ ಮೂಲಕ.

ಈಗ ನನ್ನ ತಪ್ಪನ್ನು ಹೇಳಬೇಕು. ನಮ್ಮ ಮನೆ ಕಾಫಿ ತೋಟವೊಂದರ ಲೈನಿನಲ್ಲಿದೆ. ಅಪ್ಪಯ್ಯ ಮರಗಸಿ ಮಾಡುವ ಕೆಲಸಗಾರ. ಮಳೆಗಾಲಕ್ಕೆ ಮುಂಚೆ ಸೊಂಟಕ್ಕೆ ಹಗ್ಗ ಬಿಗಿದು, ಕತ್ತಿ ಸಿಕ್ಕಿಸಿಕೊಂಡು, ನೆರಳು ಮರಗಳನ್ನು ಹತ್ತಿ ಕಾಫಿಗೆ ಬೇಕಾದಷ್ಟು ಬಿಸಿಲು ಬೀಳುವಂತೆ ಕೊಂಬೆಗಳನ್ನು ಕಡಿಯುವುದಕ್ಕೆ ಮರಗಸಿ ಎನ್ನುತ್ತೇವೆ. ಬಿ.ಎ. ಮೊದಲನೆಯ ವರ್ಷದಲ್ಲಿ ಗ್ರಂಥಾಲಯದ ಪುಸ್ತಕವೊಂದರಲ್ಲಿ ಆರ್ಕಿಡ್ಡಿನ ಬಣ್ಣದ ಚಿತ್ರವನ್ನು ನೋಡಿ, ನಮ್ಮ ಕಾಡಿನ ಹೂ ಇಂಥ ಪುಸ್ತಕದಲ್ಲಿದೆಯಲ್ಲಾ ಎಂಬ ಹೆಮ್ಮೆಯಿಂದ ಊರಿಗೆ ಹೋದವರೇ ತೋಟದ ಅಂಚಿನ ಕಾಡಿಗೆ ನುಗ್ಗಿ ಒಂದು ಹೆಬ್ಬಲಸಿನ ಬುಡದಿಂದ ದೊಡ್ಡ ಗಿಡವನ್ನು ಕಿತ್ತು ತಂದೆ. ಬೇರು ಅರ್ಧ ತೊಗಟೆಯಲ್ಲಿಯೇ ಉಳಿಯಿತು. ಅದನ್ನು ಕುಂಡದಲ್ಲಿ ನೆಟ್ಟು, ಒಳ್ಳೆಯ ಕೆಮ್ಮಣ್ಣು, ಕೊಟ್ಟಿಗೆ ಗೊಬ್ಬರ ತುಂಬಿ, ಎರಡು ಹೊತ್ತು ನೀರು ಹಾಕಿದೆ. ಹದಿನೈದು ದಿನಗಳಲ್ಲಿ ಬುಡ ಕಪ್ಪಾಯಿತು. ತಿಂಗಳೊಳಗೆ ಎಲೆಗಳು ಒಂದೊಂದಾಗಿ ಕಳಚಿ ಬಿದ್ದವು.

ಅಪ್ಪಯ್ಯ ಓದಿದವರಲ್ಲ. ಹೆಬ್ಬೆಟ್ಟು ಒತ್ತಿ ಕೂಲಿ ತೆಗೆದುಕೊಳ್ಳುವವರು. ಕುಂಡವನ್ನು ನೋಡಿ ಅವರು ಹೇಳಿದ್ದು ಇಷ್ಟೇ: “ಮಗಾ, ಮರದ ಮೇಲೆ ಅದಕ್ಕೆ ಗೊಬ್ಬರ ಯಾರು ಹಾಕ್ತಿದ್ರು? ನೀನು ಉಣ್ಣಿಸಿಯೇ ಕೊಂದೆ.” ಪುಸ್ತಕದಲ್ಲಿ ನಾನು ಚಿತ್ರವನ್ನು ನೋಡಿದ್ದೆನೇ ಹೊರತು ಪಕ್ಕದ ಪುಟವನ್ನು ಓದಿರಲಿಲ್ಲ. ಆಮೇಲೆ ಓದಿದಾಗ ಅಪ್ಪಯ್ಯನ ಮಾತೇ ಅಲ್ಲಿದ್ದಿತು. ಮರದ ಆರ್ಕಿಡ್ಡಿನ ಬೇರಿಗೆ ನೀರಿನಷ್ಟೇ ಗಾಳಿಯೂ ಬೇಕು; ಮಣ್ಣಿನಲ್ಲಿ ಹೂತರೆ ಅದು ಉಸಿರುಕಟ್ಟಿ ಕೊಳೆಯುತ್ತದೆ.

ಈ ಬಗೆಯ ತಪ್ಪನ್ನು ಮಾಡಿದವನು ನಾನೊಬ್ಬನೇ ಅಲ್ಲವೆಂಬುದು ಸಮಾಧಾನದ ಮಾತಲ್ಲ. ಇಂಗ್ಲೆಂಡಿನ ಪ್ರಸಿದ್ಧ ಸಸ್ಯವಿಜ್ಞಾನಿ ಜೋಸೆಫ್ ಹೂಕರ್ 1850ರಲ್ಲಿ ಖಾಸಿ ಬೆಟ್ಟಗಳಲ್ಲಿ ನೀಲಿ ವಾಂಡಾ ಎಂಬ ಆರ್ಕಿಡ್ಡನ್ನು ಏಳು ಆಳು ಹೊರುವಷ್ಟು ಕೀಳಿಸಿ ಲಂಡನ್ನಿನ ಕ್ಯೂ ತೋಟಕ್ಕೆ ಕಳುಹಿಸಿದ. ಜೀವಸಹಿತ ತಲಪಿದವು ಕೆಲವೇ ಎಂದು ಅವನೇ ಬರೆದುಕೊಂಡಿದ್ದಾನೆ. ಅಷ್ಟು ತಿಳಿದವನ ಕೈಯಲ್ಲೇ ಹೀಗಾದರೆ, ಅವನ ಹಿಂದೆ ಬಂದ ವ್ಯಾಪಾರಿಗಳ ಕೈಯಲ್ಲಿ ಏನಾಗಿರಬಹುದೆಂದು ಊಹಿಸಬಹುದು.

ಕಿತ್ತ ಗಿಡಕ್ಕೆ ಬದಲು ಇನ್ನೊಂದು ಹುಟ್ಟುವುದಿಲ್ಲವೇ ಎಂದು ಕೇಳಬಹುದು. ಹುಟ್ಟುತ್ತದೆ, ಆದರೆ ಬಹಳ ಕಷ್ಟದಿಂದ. ಆರ್ಕಿಡ್ಡಿನ ಒಂದು ಕಾಯಿಯಲ್ಲಿ ಸಾವಿರಾರು, ಕೆಲವು ಜಾತಿಗಳಲ್ಲಿ ಲಕ್ಷಾಂತರ ಬೀಜಗಳಿರುತ್ತವೆ. ಅವು ಹಿಟ್ಟಿನಷ್ಟು ನುಣುಪು, ಗಾಳಿಯಲ್ಲಿ ತೇಲುತ್ತವೆ. ರಾಗಿಯ ಕಾಳಿನಲ್ಲಿ ಮೊಳಕೆಗೆ ಬೇಕಾದ ಬುತ್ತಿ ಕಟ್ಟಿರುವಂತೆ ಈ ಬೀಜದಲ್ಲಿ ಬುತ್ತಿಯಿಲ್ಲ. ಬಿದ್ದ ಜಾಗದಲ್ಲಿ ಒಂದು ಬಗೆಯ ಶಿಲೀಂಧ್ರ ಇದ್ದು, ಅದು ಬೀಜದೊಳಕ್ಕೆ ಹೊಕ್ಕು ಆಹಾರ ಒದಗಿಸಿದರೆ ಮಾತ್ರ ಮೊಳೆಯುತ್ತದೆ. ಇದನ್ನು 1899ರಲ್ಲಿ ಕಂಡುಹಿಡಿದವನು ಫ್ರಾನ್ಸಿನ ನೊಯೆಲ್ ಬರ್ನಾರ್. ಶಿಲೀಂಧ್ರದ ಬದಲು ಸಕ್ಕರೆ ಬೆರೆಸಿದ ಪಾಕದ ಮೇಲೆ ಸೀಸೆಯೊಳಗೆ ಬೀಜವನ್ನು ಮೊಳೆಯಿಸಬಹುದೆಂದು ಅಮೆರಿಕದ ಲೂಯಿಸ್ ನಡ್ಸನ್ 1922ರಲ್ಲಿ ತೋರಿಸಿಕೊಟ್ಟ. ಕಾಡಿನಲ್ಲಿ ಸೀಸೆಯೂ ಇಲ್ಲ, ಸಕ್ಕರೆಯೂ ಇಲ್ಲ. ಲಕ್ಷಕ್ಕೆ ಒಂದೋ ಎರಡೋ ಮೊಳೆತು, ಅವು ಹೂ ಬಿಡುವ ವಯಸ್ಸಿಗೆ ಬರಲು ಅನೇಕ ವರ್ಷಗಳು ಬೇಕು. ಆದುದರಿಂದ ನಾನು ಒಂದು ಮಧ್ಯಾಹ್ನದಲ್ಲಿ ಕಿತ್ತದ್ದು ನಾನು ಶಾಲೆಗೆ ಸೇರಿದಂದಿನಿಂದ ಬೆಳೆಯುತ್ತಿದ್ದ ಗಿಡವಾಗಿರಬಹುದು.

ಕಾಯಿದೆಯೂ ಇದನ್ನು ಒಪ್ಪುವುದಿಲ್ಲ. ಕಾಡಿನ ಗಿಡ, ಬಳ್ಳಿ, ಪಾಚಿಗಳೆಲ್ಲ 1963ರ ಕರ್ನಾಟಕ ಅರಣ್ಯ ಅಧಿನಿಯಮದ ಪ್ರಕಾರ ಅರಣ್ಯೋತ್ಪನ್ನಗಳು. ಭಾರತವು 1976ರಲ್ಲಿ ಸೇರಿದ ಅಂತರರಾಷ್ಟ್ರೀಯ ವನ್ಯಜೀವಿ ವ್ಯಾಪಾರ ಒಪ್ಪಂದದ ಪಟ್ಟಿಗಳಲ್ಲಿ ಎಲ್ಲ ಆರ್ಕಿಡ್‌ಗಳೂ ಸೇರಿವೆ. ಆದ್ದರಿಂದ ಸಾಕುವ ಆಸೆಯುಳ್ಳವರು ಮೊದಲು ಮಾಡಬೇಕಾದ ಪ್ರತಿಜ್ಞೆ: ನಿಂತ ಮರದಿಂದ ಕೀಳಕೂಡದು; ದಾರಿಯ ಪಕ್ಕದಲ್ಲಿ ಕಿತ್ತು ತಂದು ಮಾರುವವರಿಂದ ಕೊಳ್ಳಲೂ ಕೂಡದು.

ಹಾಗಾದರೆ ಗಿಡ ಎಲ್ಲಿಂದ? ಮರಗಸಿಯಲ್ಲಿ ಬಿದ್ದ ಕೊಂಬೆಗಳಿಂದ. ಕಾಫಿ ಸೀಮೆಯ ನಮಗೆ ಇದಕ್ಕಿಂತ ದೊಡ್ಡ ಭಂಡಾರ ಬೇಡ. ಅತ್ತಿ, ಗೋಣಿ, ಬಸರಿ, ನಂದಿ, ಮತ್ತಿ, ಹಲಸಿನ ಕೊಂಬೆಗಳು ನೆಲಕ್ಕೆ ಬಿದ್ದಾಗ ಅವುಗಳ ಮೇಲಿನ ಗಿಡಗಳೂ ಬೀಳುತ್ತವೆ. ನೆಲದಲ್ಲಿ ಅವು ಉಳಿಯುವುದಿಲ್ಲ. ಕೊಳೆಯುತ್ತವೆ, ಇಲ್ಲವೆ ಸೌದೆಯ ಜೊತೆ ಸುಡುತ್ತವೆ. ತೋಟದ ಯಜಮಾನರನ್ನು ಕೇಳಿ ಇಂಥವನ್ನು ಎತ್ತಿಕೊಳ್ಳುವುದರಲ್ಲಿ ಪಾಪವಿಲ್ಲ. ನಮ್ಮ ತೋಟದ ಯಜಮಾನರು, “ಸೌದೆ ಬಿಟ್ಟು ಏನು ಬೇಕಾದರೂ ತೆಗೆದುಕೊಂಡು ಹೋಗು” ಎಂದು ನಕ್ಕರು. ಬಯಲುಸೀಮೆಯ ಮಿತ್ರರು ಸೀಸೆಯಲ್ಲಿ ಬೆಳೆಸಿದ ಸಸಿಗಳನ್ನು ಮಾರುವ ನರ್ಸರಿಗಳಿಂದ ತರಿಸಿಕೊಳ್ಳಬಹುದು, ಇಲ್ಲವೆ ಸಾಕಿದವರಿಂದ ಒಂದು ಕವಲನ್ನು ಕೇಳಿ ಪಡೆಯಬಹುದು.

ಗಿಡ ಸಿಕ್ಕಿದ ಮೇಲೆ ಮರವನ್ನು ಆರಿಸಬೇಕು. ತೊಗಟೆ ಒರಟಾಗಿ, ಗಟ್ಟಿಯಾಗಿರಬೇಕು. ಮಾವು, ಹಲಸು, ಮತ್ತಿ ಉತ್ತಮ. ನೀಲಗಿರಿ, ಸೀಬೆಗಳಂತೆ ಸಿಪ್ಪೆ ಸುಲಿಯುವ ಮರ ಬೇಡ. ಸಿಪ್ಪೆಯ ಜೊತೆ ಗಿಡವೂ ಜಾರಿ ಬೀಳುತ್ತದೆ. ಬೇಸಿಗೆಯಲ್ಲಿ ಪೂರ್ತಿ ಬೋಳಾಗುವ ಮರದಲ್ಲಿ ಎಲೆ ಸುಟ್ಟುಹೋಗುವ ಭಯವುಂಟು. ಕಾಂಡದ ಪೂರ್ವ ಅಥವಾ ಈಶಾನ್ಯದ ಮುಖ ಒಳ್ಳೆಯದು. ಬೆಳಗಿನ ಎಳೆಬಿಸಿಲು ಬಿದ್ದು ಮಧ್ಯಾಹ್ನದ ಬಿಸಿಲು ತಪ್ಪುತ್ತದೆ. ನಮ್ಮ ಕಣ್ಣಿನ ಎತ್ತರದಲ್ಲಿ ಕಟ್ಟಿದರೆ ದಿನವೂ ನೋಡಿಕೊಳ್ಳಲು ಅನುಕೂಲ.

ಕಟ್ಟುವ ಕಾಲ ಮೇ ಕೊನೆಯಿಂದ ಜೂನ್ ನಡುವಿನವರೆಗೆ. ಮಳೆಯ ವಾಸನೆಗೆ ಬೇರಿನ ತುದಿ ಹಸಿರಾಗಿ ಚಿಗುರುವ ಹೊತ್ತಿನಲ್ಲಿ ಕಟ್ಟಿದರೆ ಎರಡು ಮೂರು ತಿಂಗಳಲ್ಲಿ ತೊಗಟೆಯನ್ನು ಹಿಡಿದುಕೊಳ್ಳುತ್ತದೆ. ಮೊದಲು ಒಣಗಿದ, ಮುಟ್ಟಿದರೆ ಒಳಗೆ ಟೊಳ್ಳಾಗಿರುವ ಬೇರುಗಳನ್ನು ಶುದ್ಧವಾದ ಕತ್ತರಿಯಿಂದ ತೆಗೆಯಬೇಕು. ಗಾಯ ಒಣಗಲು ಒಂದು ದಿನ ನೆರಳಿನಲ್ಲಿಡಬೇಕು. ಬೇರುಗಳನ್ನು ತೊಗಟೆಯ ಮೇಲೆ ಹರಡಿ, ಮೇಲೆ ಸ್ವಲ್ಪ ತೆಂಗಿನ ನಾರನ್ನಿಟ್ಟು, ಬಾಳೆಯ ನಾರಿನಿಂದಲೋ ಹತ್ತಿಯ ದಾರದಿಂದಲೋ ಅಲುಗಾಡದಂತೆ ಬಿಗಿಯಬೇಕು. ಅಲುಗಾಡಿದರೆ ಎಳೆಯ ಬೇರಿನ ತುದಿ ಉಜ್ಜಿ ಸಾಯುತ್ತದೆ. ತಂತಿ ಬೇಡ, ಅದು ಗಿಡವನ್ನೂ ಮರವನ್ನೂ ಕೊರೆಯುತ್ತದೆ. ಬಾಳೆಯ ನಾರು ಕೊಳೆತು ಬೀಳುವ ಹೊತ್ತಿಗೆ ಗಿಡವೇ ಮರವನ್ನು ಹಿಡಿದಿರುತ್ತದೆ. ಇನ್ನೊಂದು ಎಚ್ಚರ: ಗಿಡದ ತಲೆ ಆಕಾಶಕ್ಕೆ ನೆಟ್ಟಗೆ ಮುಖ ಮಾಡಬಾರದು. ಎಲೆಗಳ ನಡುವಿನ ಸುಳಿಯಲ್ಲಿ ನೀರು ನಿಂತರೆ ಸುಳಿ ಕೊಳೆತು, ಒಂಟಿ ಸುಳಿಯ ಈ ಗಿಡ ಸತ್ತೇಹೋಗಬಹುದು. ಸ್ವಲ್ಪ ಹೊರಕ್ಕೆ ಬಾಗಿರುವಂತೆ ಕಟ್ಟಿದರೆ ನೀರು ಹರಿದುಹೋಗುತ್ತದೆ.

ನೀರಿನ ಲೆಕ್ಕ ಸುಲಭ. ಜೂನಿನಿಂದ ಸೆಪ್ಟೆಂಬರಿನವರೆಗೆ ಮಲೆನಾಡಿನಲ್ಲಿ ನಾವು ಏನೂ ಮಾಡಬೇಕಾಗಿಲ್ಲ. ಅಕ್ಟೋಬರಿನಿಂದ ಚಳಿಗಾಲ ಮುಗಿಯುವವರೆಗೆ ಎರಡು ಮೂರು ದಿನಗಳಿಗೊಮ್ಮೆ ಬೆಳಗ್ಗೆ ಚಿಮುಕಿಸಿದರೆ ಸಾಕು. ಮಾರ್ಚಿಯಿಂದ ಮೇವರೆಗೆ ದಿನವೂ ಬೆಳಗ್ಗೆ ಬೇರು ಹಸಿರಾಗುವಷ್ಟು ಹಾಕಬೇಕು. ರಾತ್ರಿಯ ಹೊತ್ತಿಗೆ ಸುಳಿ ಒಣಗಿರಬೇಕು. ಮಳೆಯ ನೀರು ಶ್ರೇಷ್ಠ. ಗಡಸಾದ ಕೊಳವೆಬಾವಿಯ ನೀರಿನಿಂದ ಬೇರಿನ ಮೇಲೆ ಬಿಳಿಯ ಸುಣ್ಣ ಕೂರುತ್ತದೆ. ಬೆಳಕಿನ ಲೆಕ್ಕವನ್ನು ಎಲೆಯೇ ಹೇಳುತ್ತದೆ. ಎಲೆ ಕಡುಹಸಿರಾಗಿ ಮೆತ್ತಗಾದರೆ ಬೆಳಕು ಕಡಮೆ. ಅಂಥ ಗಿಡ ಬೆಳೆಯುತ್ತದೆ, ಹೂ ಬಿಡದು. ಹಳದಿಯಾಗಿ ಕೆಂಪು ಛಾಯೆ ತಿರುಗಿದರೆ ಬಿಸಿಲು ಹೆಚ್ಚು. ತಿಳಿಹಸಿರು ಸರಿಯಾದ ಬಣ್ಣ. ಗೊಬ್ಬರ ಹಾಕದಿದ್ದರೂ ಮರದ ಮೇಲಿನ ಗಿಡ ಬದುಕುತ್ತದೆ. ಹಾಕಲೇಬೇಕೆನ್ನುವವರು ಬೆಳೆಯುವ ಕಾಲದಲ್ಲಿ ಮಾತ್ರ, ಒಂದು ಲೀಟರ್ ನೀರಿಗೆ ಅರ್ಧ ಗ್ರಾಂ ರಾಸಾಯನಿಕ ಗೊಬ್ಬರ ಕರಗಿಸಿ, ಹದಿನೈದು ದಿನಕ್ಕೊಮ್ಮೆ ಚಿಮುಕಿಸಬಹುದು. ನಾನು ಹಾಕಿಲ್ಲ, ಒಮ್ಮೆ ಉಣ್ಣಿಸಿ ಕೊಂದವನಿಗೆ ಧೈರ್ಯ ಸಾಲದು.

ಸೀತಾಳೆದಂಡೆಯಲ್ಲದೆ ಅಂಗಳಕ್ಕೆ ಹೊಂದುವ ಗಟ್ಟಿಮುಟ್ಟಾದ ಬೇರೆ ಜಾತಿಗಳೂ ಇವೆ. ಏರಿಡಿಸ್ ಕ್ರಿಸ್ಪಾ ಎಂಬುದು ಮೇ, ಜೂನಿನಲ್ಲಿ ಸುವಾಸನೆಯುಳ್ಳ ನಸುಗೆಂಪು ಹೂಗಳನ್ನು ಬಿಡುತ್ತದೆ. ಅದರ ಸಾಕಣೆಯೂ ಮೇಲೆ ಹೇಳಿದಂತೆಯೇ. ಸಿಂಬಿಡಿಯಂ ಅಲೋಯಿಫೋಲಿಯಂ ಎಂಬುದು ಕತ್ತಾಳೆಯಂಥ ದಪ್ಪ ಎಲೆಯ ದೊಡ್ಡ ಹಿಂಡು. ಮರದ ಪೊಟರೆಗಳಲ್ಲಿ ಕೂತು ಬೇಸಿಗೆಯಲ್ಲಿ ಜೋಲು ಹೂ ಬಿಡುತ್ತದೆ. ಇದನ್ನು ತೂತುಗಳುಳ್ಳ ಮಣ್ಣಿನ ಕುಂಡದಲ್ಲಿಯೂ ಬೆಳೆಸಬಹುದು. ಆದರೆ ಕುಂಡದೊಳಗೆ ಮಣ್ಣಲ್ಲ. ಇಟ್ಟಿಗೆಯ ಚೂರು, ಇದ್ದಿಲು, ಕೆಲವು ದಿನ ನೀರಿನಲ್ಲಿ ನೆನೆಸಿ ಒಗರು ತೆಗೆದ ತೆಂಗಿನ ಸಿಪ್ಪೆಯ ತುಂಡು, ಇಷ್ಟೇ. ಹಿಂಡು ದೊಡ್ಡದಾದಾಗ ಮೂರು ನಾಲ್ಕು ಗೆಡ್ಡೆಗಳಿರುವಂತೆ ಬಿಡಿಸಿ ಮಿತ್ರರಿಗೆ ಕೊಡಬಹುದು. ಒಣನಾಡಿನವರಿಗೆ ವಾಂಡಾ ಟೆಸೆಲ್ಲೇಟಾ ಒಳ್ಳೆಯದು. ಬಯಲಿನ ಮಾವಿನ ಮರಗಳಲ್ಲಿಯೂ ಅದು ಬದುಕಿಕೊಂಡಿದೆ.

ಡೆಂಡ್ರೋಬಿಯಂ ಜಾತಿಯ ವಿಷಯದಲ್ಲಿ ಪ್ರತ್ಯೇಕವಾಗಿ ಒಂದು ಮಾತು ಹೇಳಬೇಕು. ನಮ್ಮ ಘಟ್ಟಗಳ ಡೆಂಡ್ರೋಬಿಯಂ ಓವೇಟಂ, ಬಾರ್ಬಾಟುಲಂಗಳು ಮಳೆಗಾಲ ಮುಗಿದ ಮೇಲೆ ಎಲೆಗಳನ್ನೆಲ್ಲ ಉದುರಿಸಿಬಿಡುತ್ತವೆ. ಬೆರಳಿನಷ್ಟು ದಪ್ಪದ, ಸುಕ್ಕುಗಟ್ಟಿದ ಬರಿಯ ಕೋಲುಗಳು ಉಳಿಯುತ್ತವೆ. ಗಿಡ ಸತ್ತಿತೆಂದು ಅನೇಕರು ಇದನ್ನು ಕಿತ್ತೆಸೆಯುತ್ತಾರೆ. ಇಲ್ಲವೆ ಬದುಕಿಸಬೇಕೆಂದು ನೀರನ್ನು ಸುರಿಯುತ್ತಾರೆ. ಎರಡೂ ಕೂಡದು. ಅದು ವಿಶ್ರಾಂತಿಯ ಕಾಲ. ಇಬ್ಬನಿಯ ಜೊತೆಗೆ ವಾರಕ್ಕೊಮ್ಮೆ ನಾಲ್ಕು ಹನಿ ಸಾಕು. ಚಳಿ ಕಳೆಯುವ ಹೊತ್ತಿಗೆ ಆ ಬೋಳು ಕೋಲುಗಳ ಮೇಲೆಯೇ ಕೆನೆಬಣ್ಣದ, ಬಿಳಿಯ ಹೂಗಳು ತುಂಬಿ ನಿಲ್ಲುತ್ತವೆ.

ನೆಲದ ಆರ್ಕಿಡ್‌ಗಳನ್ನು ಕುರಿತು ನನ್ನ ಸಲಹೆ ಬೇರೆ. ಹೆಬೆನೇರಿಯಾ ಜಾತಿಯವು ಮೊದಲ ಮಳೆಗೆ ಹುಲ್ಲಿನ ನಡುವೆ ಏಳುತ್ತವೆ, ಬಿಳಿಯ ಹೂ ಬಿಡುತ್ತವೆ, ಮಳೆ ಹಿಂದೆಗೆದಾಗ ಮೇಲಿನ ಭಾಗ ಒಣಗಿ ಗೆಡ್ಡೆ ಮಾತ್ರ ಮಣ್ಣಿನೊಳಗೆ ಮಲಗುತ್ತದೆ. ಇವಕ್ಕೆ ಮಣ್ಣಿನ ಶಿಲೀಂಧ್ರದ ಒಡನಾಟ ಬಿಡಲಾಗದು. ಅಗೆದು ತಂದವು ಒಂದೆರಡು ವರ್ಷಗಳಲ್ಲಿ ನಶಿಸುವುದೇ ಹೆಚ್ಚು. ನಿಮ್ಮ ಅಂಗಳದಲ್ಲೋ ಬ್ಯಾಣದಲ್ಲೋ ಇವು ತಾವಾಗಿ ಎದ್ದರೆ ಆ ಜಾಗವನ್ನು ಗುರುತಿಟ್ಟು, ಬೀಜ ಉದುರುವವರೆಗೆ ಹುಲ್ಲು ಸವರದೆ, ಬೇಸಿಗೆಯಲ್ಲಿ ಬೆಂಕಿ ಹಾಕದೆ, ಅಗೆಯದೆ ಬಿಡುವುದೇ ಸಾಕಣೆ.

ರೋಗಕೀಟಗಳು ಹೆಚ್ಚಿಲ್ಲ. ಮಳೆಗಾಲದಲ್ಲಿ ಬಸವನಹುಳುಗಳು ಎಳೆಯ ಬೇರಿನ ತುದಿಯನ್ನೂ ಮೊಗ್ಗನ್ನೂ ತಿನ್ನುತ್ತವೆ. ರಾತ್ರಿ ದೀಪ ಹಿಡಿದು ಹೆಕ್ಕುವುದೇ ಮದ್ದು. ಎಲೆಯ ಅಡಿಯಲ್ಲಿ ಹೊಪ್ಪಳೆಯಂತೆ ಅಂಟಿದ ಕೀಟಗಳನ್ನು ಒದ್ದೆ ಬಟ್ಟೆಯಿಂದ ಒರೆಸಬೇಕು. ಕೊಳೆ ಕಂಡರೆ ಆ ಭಾಗವನ್ನು ಒಳ್ಳೆಯ ಭಾಗದವರೆಗೆ ಕತ್ತರಿಸಿ, ಗಾಯಕ್ಕೆ ಇದ್ದಿಲ ಪುಡಿ ಹಚ್ಚಿ ಒಣಗಲು ಬಿಡಬೇಕು. ಅಡಕೆಗೆ ಹೊಡೆದು ಉಳಿದ ಬೋರ್ಡೋ ದ್ರಾವಣವನ್ನು ಇದಕ್ಕೂ ಹೊಡೆಯೋಣವೆಂದು ಹೋಗಬಾರದು. ಅದರ ತಾಮ್ರವನ್ನು ಡೆಂಡ್ರೋಬಿಯಂ ಮೊದಲಾದವು ತಾಳುವುದಿಲ್ಲ.

ಎರಡನೆಯ ವರ್ಷದ ಜೂನಿನಲ್ಲಿ ನಾನು ಬಿದ್ದ ಕೊಂಬೆಗಳಿಂದ ಏಳು ಗಿಡಗಳನ್ನು ಎತ್ತಿ ತಂದೆ. ನಾಲ್ಕನ್ನು ಲೈನಿನ ಮುಂದಿನ ಹಲಸಿಗೂ, ಮೂರನ್ನು ಪ್ರಾಂಶುಪಾಲರ ಅಪ್ಪಣೆ ಪಡೆದು ಕಾಲೇಜಿನ ಮಾವಿಗೂ ಕಟ್ಟಿದೆ. ಒಂದರ ಸುಳಿ ಕೊಳೆಯಿತು. ತಲೆ ಮೇಲಾಗಿ ಕಟ್ಟಿದ್ದೆ. ಇನ್ನೊಂದು ದಾರ ಸಡಿಲವಾಗಿ ಬೇರು ಹಿಡಿಯದೆ ಒಣಗಿತು. ಎರಡೂ ನನ್ನ ಕೈಯ ತಪ್ಪು. ಉಳಿದ ಐದು ಮರವನ್ನು ಹಿಡಿದಿವೆ. ಅವುಗಳಲ್ಲಿ ಒಂದು ಕಳೆದ ಜೂನಿನಲ್ಲಿ ಹೂ ಬಿಟ್ಟಿತು.

ಹಲಸಿಗೆ ಗಿಡ ಕಟ್ಟುವ ದಿನ ಅಪ್ಪಯ್ಯ ಒಪ್ಪಿರಲಿಲ್ಲ. “ಇರೋ ಒಂದು ಮರಕ್ಕೂ ಬಂದಳಿಕೆ ಹತ್ತಿಸ್ತೀಯಾ?” ಎಂದಿದ್ದರು. ಇಪ್ಪತ್ತೈದು ವರ್ಷಗಳಿಂದ ಅವರು ಮರ ಹತ್ತಿದಾಗಲೆಲ್ಲ ಇವನ್ನು ಮರದ ಶತ್ರುವೆಂದು ಕತ್ತಿಯಲ್ಲಿ ಹೆರೆದು ಹಾಕಿದವರು. ಯಜಮಾನರ ಮರಕ್ಕೆ ಒಳ್ಳೆಯದು ಮಾಡಿದೆನೆಂದೇ ನಂಬಿದವರು. ನಾನು ಬಿದ್ದ ಕೊಂಬೆಯೊಂದನ್ನು ತಂದು, ಬಂದಳಿಕೆಯ ಬುಡವನ್ನೂ ಸೀತಾಳೆಯ ಬುಡವನ್ನೂ ಪಕ್ಕಪಕ್ಕದಲ್ಲಿ ಸೀಳಿ ತೋರಿಸಿದೆ. ಒಂದರ ಕೆಳಗೆ ಕಟ್ಟಿಗೆ ಕೆಟ್ಟಿತ್ತು. ಇನ್ನೊಂದರ ಕೆಳಗೆ ತೊಗಟೆಗೂ ಗಾಯವಿರಲಿಲ್ಲ. ಅವರು ಬಹಳ ಹೊತ್ತು ಎರಡನ್ನೂ ತಿರುಗಿಸಿ ನೋಡಿದರು. “ಎಷ್ಟು ಹೆರೆದೆನೋ” ಎಂದಷ್ಟೇ ಹೇಳಿ ಎದ್ದುಹೋದರು. ನಾನು ತೋರಿಸಬಾರದಾಗಿತ್ತೇನೋ ಎಂದು ಆ ರಾತ್ರಿ ನನಗೆ ಅನ್ನಿಸಿತು. ಆದರೆ ಮರುವರ್ಷದ ಮರಗಸಿಯಲ್ಲಿ, ಕಡಿಯಲೇಬೇಕಾದ ಕೊಂಬೆಯಲ್ಲಿ ಗಿಡವಿದ್ದರೆ ಅವರು ಆ ಕೊಂಬೆಯನ್ನು ಬೀಳಿಸದೆ ಹಗ್ಗದಲ್ಲಿ ಇಳಿಸತೊಡಗಿದರು. ಜೊತೆಯ ಆಳುಗಳು ನಗುತ್ತಾರೆ. ಇಳಿಸಿದ್ದನ್ನು ಅವರೇ ಬಾಳೆನಾರಿನಿಂದ ಪಕ್ಕದ ಮರಕ್ಕೆ ಬಿಗಿಯುತ್ತಾರೆ. ನಾನು ಕಟ್ಟಿದ್ದಕ್ಕಿಂತ ಅವರ ಕಟ್ಟು ಬಿಗಿ.

ನಮ್ಮ ಕಡೆ ಹಳೆಯ ಕಾಡುಮರಗಳು ಹೋಗಿ ಅವುಗಳ ಜಾಗದಲ್ಲಿ ಸಿಲ್ವರ್ ಓಕ್ ಬರುತ್ತಿದೆ. ಅದು ಬೇಗ ಬೆಳೆಯುತ್ತದೆ, ಮೆಣಸಿನ ಬಳ್ಳಿಗೆ ಆಗುತ್ತದೆ, ಮಾರಿದರೆ ಹಣ ಬರುತ್ತದೆ. ಬೆಳೆಗಾರರನ್ನು ದೂರುವ ಹಾಗಿಲ್ಲ. ಆದರೆ ನಮ್ಮ ತೋಟದ ಸಿಲ್ವರ್ ಓಕ್‌ಗಳಲ್ಲಿ ನಾನು ಹುಡುಕಿದಷ್ಟರಲ್ಲಿ ಒಂದು ಸೀತಾಳೆಯೂ ಇಲ್ಲ. ಗೋಣಿ ಮರವೊಂದು ಬಿದ್ದರೆ ಅದರ ಜೊತೆ ನಲವತ್ತೋ ಐವತ್ತೋ ಗಿಡಗಳು ಹೋಗುತ್ತವೆ. ಅವನ್ನೆಲ್ಲ ನಮ್ಮ ಅಂಗಳಗಳಲ್ಲಿ ಉಳಿಸುತ್ತೇವೆಂಬ ಭ್ರಮೆ ನನಗಿಲ್ಲ. ಕೊಂಬೆಯಿಂದ ಬಿದ್ದದ್ದನ್ನು ಎತ್ತಿ ಕಟ್ಟುವಷ್ಟು ಕೆಲಸ ಮಾತ್ರ ನಮ್ಮ ಕೈಯಲ್ಲಿದೆ.

ನಮ್ಮ ಕಾಲೇಜಿನ ಆವರಣದಲ್ಲಿ ಮಾವು, ಹಲಸು, ಮತ್ತಿ ಸೇರಿ ಇಪ್ಪತ್ತಕ್ಕೆ ಮಿಗಿಲಾದ ಮರಗಳಿವೆ. ನಮ್ಮಲ್ಲಿ ಅನೇಕರು ತೋಟದ ಊರುಗಳಿಂದಲೇ ಬರುವವರು. ಬರುವ ಬೇಸಿಗೆಯಲ್ಲಿ ಮರಗಸಿಯ ಕಾಲಕ್ಕೆ ಊರಿನಲ್ಲಿರುವವರು ಯಜಮಾನರನ್ನು ಕೇಳಿ ಬಿದ್ದ ಗಿಡವೊಂದನ್ನು ತಂದು ಇಲ್ಲಿಯ ಮರವೊಂದಕ್ಕೆ ಕಟ್ಟಿದರೆ, ಕೆಲವು ವರ್ಷಗಳಲ್ಲಿ ಕಾಲೇಜು ಬಾಗಿಲು ತೆರೆಯುವ ಜೂನ್ ತಿಂಗಳಿನಲ್ಲಿ ಹೊಸದಾಗಿ ಸೇರುವವರನ್ನು ಹೂವೇ ಎದುರುಗೊಳ್ಳುತ್ತದೆ. ನಾನು ಈ ವರ್ಷ ಇಲ್ಲಿಂದ ಹೊರಡುತ್ತೇನೆ. ಗ್ರಂಥಾಲಯದ ಹಿಂದಿನ ಗಿಡಗಳಿಗೆ ಮಾರ್ಚಿಯಿಂದ ಮೇವರೆಗೆ ಬೆಳಗ್ಗೆ ಒಂದು ಚೊಂಬು ನೀರು ಬೇಕು. ಮೊದಲನೆಯ ವರ್ಷದವರಲ್ಲಿ ಯಾರಾದರೂ ಒಬ್ಬರು ಆ ಕೆಲಸವನ್ನು ವಹಿಸಿಕೊಳ್ಳಬೇಕೆಂದು ಕೇಳಿಕೊಳ್ಳುತ್ತೇನೆ. ಬೇರು ಹಸಿರಾಗಿದ್ದರೆ ಹಾಕಬೇಡಿ.